ಅಂಗಡಿಯವ ಹಾಕಿಕೊಟ್ಟ ಮೇಲ್

"ಪಾಸ್‌ವರ್ಡ್ ನನಗ್ಯಾಕ್ ಗೊತ್ತಿರ್ತದ್ರೀ? ಫೋನ್ ಕೊಟ್ಟ ಅಂಗಡಿಯವ ಹಾಕ್ಯಾನ."

ಬಾಗಲಕೋಟೆ ನವನಗರದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಈ ಮಾತು ಕೇಳದ ವಾರವಿಲ್ಲ. ಕಳೆದ ತಿಂಗಳು ಇಳಕಲ್‌ನಿಂದ ಒಬ್ಬರು ಬಂದಿದ್ದರು. ಸೀರೆ ವ್ಯಾಪಾರ, ಆರ್ಡರ್ ಎಲ್ಲ ಫೋನಿನಲ್ಲೇ. ಮೊಮ್ಮಗ ಲಾಕ್ ಪ್ಯಾಟರ್ನ್ ಬದಲಿಸಿ ಮರೆತಿದ್ದ. ಪಕ್ಕದ ಮನೆ ಹುಡುಗ ಬಟನ್ ಒತ್ತಿ ಫೋನನ್ನೇ ರೀಸೆಟ್ ಮಾಡಿಬಿಟ್ಟಿದ್ದ. ಈಗ ಫೋನ್ ಕೇಳುವುದು ಒಂದೇ: ಹಳೆಯ ಲಾಕ್ ಹಾಕು, ಇಲ್ಲವೇ ಮೊದಲು ಇದ್ದ ಗೂಗಲ್ ಅಕೌಂಟ್, ಅಂದರೆ ಜಿಮೇಲ್ ಐಡಿ, ಪಾಸ್‌ವರ್ಡ್ ಹಾಕು. ಆಂಡ್ರಾಯ್ಡ್ 5.1ರ ಕಾಲದಿಂದ, ಅಂದರೆ 2015ರಿಂದ, ಈ ಕಾವಲು ಇದೆ. ಕದ್ದ ಫೋನ್ ಕಳ್ಳನಿಗೆ ದಕ್ಕಬಾರದು ಅಂತ ಮಾಡಿದ್ದು. ಮೇಲ್ ಐಡಿ ಗೊತ್ತಿಲ್ಲದಿದ್ದರೆ ಮಾಲೀಕನೂ ಅದಕ್ಕೆ ಕಳ್ಳನೇ. ಬಿಲ್ ಇದ್ದರೆ ಕೆಲವು ಕಂಪನಿಗಳ ಸರ್ವಿಸ್ ಸೆಂಟರ್‌ನಲ್ಲಿ ಈ ಲಾಕ್ ತೆಗೆದುಕೊಡುತ್ತಾರೆ. ಇವರ ಪುಣ್ಯ, ಬಿಲ್ ಇತ್ತು.

ತಪ್ಪು ಅಂಗಡಿಯವರದ್ದೇ ಅಂತ ಹೇಳಿ ಕೈ ತೊಳೆದುಕೊಳ್ಳಲಾರೆ. ಮೊದಲ ಕೆಲವು ವರ್ಷ ನಾನೂ ಹಾಗೇ ಮಾಡಿದ್ದೇನೆ. ಗಿರಾಕಿಗೆ ಅವಸರ, ನನಗೂ ಅವಸರ. ಅವರ ಹೆಸರಿನ ಮುಂದೆ ನಾಲ್ಕು ಅಂಕಿ, ಬಾಯಿಗೆ ಬಂದ ಪಾಸ್‌ವರ್ಡ್, ಐದು ನಿಮಿಷದಲ್ಲಿ ಮೇಲ್ ರೆಡಿ. ಕೋಡ್ ಬರಲಿ ಅಂತ ಒಮ್ಮೊಮ್ಮೆ ನನ್ನದೇ ನಂಬರ್ ಕೊಟ್ಟದ್ದೂ ಉಂಟು. ಬೇರೆಯವರ ಮನೆಗೆ ನನ್ನ ಬೀಗ ಹಾಕಿ ಕಳಿಸಿದ ಹಾಗೆ.

ಮೇಲ್ ನೀವೇ ಮಾಡಿಕೊಳ್ಳುವುದು ಕಷ್ಟವೇನಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ, ಅಕೌಂಟ್ ಸೇರಿಸುವ ಕಡೆ ಗೂಗಲ್ ಆರಿಸಿದರೆ ಮುಂದಿನದನ್ನು ಅದೇ ಕೇಳುತ್ತಾ ಹೋಗುತ್ತದೆ. ಹುಟ್ಟಿದ ತಾರೀಖು ನಿಜವಾದದ್ದೇ ಹಾಕಿ. ಸುಮ್ನೆ ಈ ವರ್ಷದ್ದು ಒತ್ತಿದರೆ ಅದು ನಿಮ್ಮನ್ನು ಕೂಸು ಅಂದುಕೊಳ್ಳುತ್ತದೆ. ಐಡಿಯಲ್ಲಿ 6ರಿಂದ 30 ಅಕ್ಷರ ಇರಬೇಕು, ಇಂಗ್ಲಿಷ್ ಅಕ್ಷರ, ಅಂಕಿಗಳೇ ಆಗಬೇಕು. ನಡುವೆ ಚುಕ್ಕಿ ಇಟ್ಟರೂ ಬಿಟ್ಟರೂ ಜಿಮೇಲ್‌ಗೆ ಎರಡೂ ಒಂದೇ.

ಜಾಸ್ತಿ ಜನ ಎಡವುವುದು ಕೀಬೋರ್ಡ್‌ನಲ್ಲಿ. ಐಡಿ ಟೈಪ್ ಮಾಡುವಾಗ ಅದು ತಾನೇ ಒಂದು ಪದ ತೋರಿಸುತ್ತದೆ, ಅದನ್ನು ಒತ್ತುತ್ತೀರಿ. ಪದದ ಕೊನೆಗೆ ಕಣ್ಣಿಗೆ ಕಾಣದ ಒಂದು ಸ್ಪೇಸ್ ಬಂದು ಕೂರುತ್ತದೆ. ಕೆಲವು ಆ್ಯಪ್‌ಗಳು ಅದನ್ನೂ ಲೆಕ್ಕಕ್ಕೆ ಹಿಡಿದು, ಐಡಿ ತಪ್ಪು ಅನ್ನುತ್ತವೆ. ಹತ್ತು ಸಲ ನೋಡಿದರೂ ಅಕ್ಷರ ಸರಿಯಾಗೇ ಇರುತ್ತದೆ, ಅಲ್ವಾ? ಕೊನೆಗೆ ಹೋಗಿ ಒಮ್ಮೆ ಅಳಿಸುವ ಬಟನ್ ಒತ್ತಿ ನೋಡಿ.

ಪಾಸ್‌ವರ್ಡ್ ಬರೆದಿಡಬಾರದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮನೆಯ ಟ್ರಂಕಿನಲ್ಲಿ, ಹೊಲದ ಉತಾರದ ಜೊತೆ ಒಂದು ಚೀಟಿ ಇರಲಿ. ಫೋನ್ ಕವರಿನ ಹಿಂದೆ ಮಾತ್ರ ಬೇಡ.

ಪಾಸ್‌ವರ್ಡ್ ಮರೆತರೆ ಕೋಡ್ ಬರುವ ರಿಕವರಿ ನಂಬರ್ ಕೇಳಿದಾಗ 'ಆಮೇಲೆ' ಅಂತ ದಾಟಬೇಡಿ. ನಿಮ್ಮದೇ, ರೀಚಾರ್ಜ್ ನಡೆಯುತ್ತಿರುವ ನಂಬರ್ ಕೊಡಿ. ಬಂದ್ ಆದ ನಂಬರ್ 90 ದಿನದ ಮೇಲೆ ಬೇರೆಯವರ ಪಾಲಾಗಬಹುದು. ಆಗ ನಿಮ್ಮ ಮೇಲ್‌ನ ಕೋಡ್ ಅವರ ಫೋನಿಗೆ ಹೋಗುತ್ತದೆ. ಪರೀಕ್ಷೆಗೆ ಅರ್ಜಿ ಹಾಕುವ ಹುಡುಗರಿಗೆ ಇನ್ನೊಂದು ಮಾತು: ಒಂದು ಅರ್ಜಿಗೆ ಒಂದು ಮೇಲ್ ಅಂತ ಮಾಡಬೇಡಿ. ಎರಡು ವರ್ಷ ಮುಟ್ಟದ ಅಕೌಂಟನ್ನು ಗೂಗಲ್ ಅಳಿಸಬಹುದು. 2023ರ ಡಿಸೆಂಬರ್‌ನಿಂದ ಈ ನಿಯಮ ಜಾರಿಯಲ್ಲಿದೆ.

ಆಫೀಸಿನ ಮೇಲ್ ಫೋನಿಗೆ ಹಾಕುವವರು ಮಾತ್ರ ಸ್ವಲ್ಪ ನಿಲ್ಲಿ. ಅಲ್ಲಿ ಪಾಪ್ ಬೇಕೋ ಐಮ್ಯಾಪ್ ಬೇಕೋ ಅಂತ ಕೇಳುತ್ತದೆ. ಮೇಲ್ ಫೋನಿಗೆ ತರಿಸುವ ಎರಡು ದಾರಿ ಇವು. ಒಬ್ಬ ಗುಮಾಸ್ತರು ಮೊದಲು ಕಂಡದ್ದನ್ನೇ, ಪಾಪ್ ಅನ್ನೇ ಒತ್ತಿದ್ದರು. ಫೋನು ಮೇಲ್‌ಗಳನ್ನು ಇಳಿಸಿಕೊಂಡು ಸರ್ವರ್‌ನಿಂದ ಅಳಿಸಿತು. ಮರುದಿನ ಆಫೀಸಿನ ಕಂಪ್ಯೂಟರ್‌ನಲ್ಲಿ ಹೊಸ ಮೇಲ್ ಒಂದೂ ಇಲ್ಲ! ಐಮ್ಯಾಪ್‌ನಲ್ಲಿ ಮೇಲ್ ಸರ್ವರ್‌ನಲ್ಲೇ ಉಳಿಯುತ್ತದೆ, ಎರಡೂ ಕಡೆ ಕಾಣುತ್ತದೆ. ಪೋರ್ಟ್, ಅಂದರೆ ಸರ್ವರ್‌ನ ಬಾಗಿಲ ನಂಬರ್, ಕೇಳಿದರೆ ಐಮ್ಯಾಪ್‌ಗೆ ಸಾಮಾನ್ಯವಾಗಿ 993, ಕಳಿಸುವುದಕ್ಕೆ 465 ಅಥವಾ 587.

ಇಳಕಲ್‌ನವರು ಫೋನಿನ ಲಾಕ್ ತೆಗೆಸಿಕೊಂಡು ಮತ್ತೆ ಬಂದರು. ಈ ಸಲ ಫೋನನ್ನು ಅವರ ಕೈಗೇ ಕೊಟ್ಟು ಸ್ಟೂಲ್ ಹಾಕಿದೆ. ಒಂದೇ ಬೆರಳಲ್ಲಿ ಹೆಸರು ಟೈಪ್ ಮಾಡಲು ಹತ್ತು ನಿಮಿಷ ಹಿಡಿಯಿತು. ಹಿಂದೆ ಮೂವರು ಕಾಯುತ್ತಿದ್ದರು. ಪಾಸ್‌ವರ್ಡ್ ಜಾಗ ಬಂದಾಗ ತಲೆ ಎತ್ತಿ ನನ್ನನ್ನೇ ನೋಡಿದರು.

"ಸ್ವಲ್ಪ ಆ ಕಡೆ ತಿರುಗ್ರೀ."

ತಿರುಗಿದೆ.