ಮಳೆಗಾಲದಲ್ಲೂ ತೆರೆಯುವ ಚೂರಿ

ನನ್ನ ಕೆಲಸ ಕಸಿ ಕಟ್ಟುವುದು. ಕಾಸರಗೋಡಿನ ಪೆರ್ಲದ ಹತ್ತಿರ ಸಣ್ಣದೊಂದು ನರ್ಸರಿ ಇದೆ. ಗೇರು, ಹಲಸು, ಜಾಯಿಕಾಯಿ, ಕಾಡುಹಿಪ್ಪಲಿಯ ಬುಡಕ್ಕೆ ಕರಿಮೆಣಸು. ಚೂರಿ ಹಿಡಿಯದ ದಿನವೇ ಇಲ್ಲ. ಗಿಡ ಒಯ್ಯಲು ಬಂದವರು ದುಡ್ಡು ಕೊಟ್ಟು ಮುಗಿದ ಮೇಲೆ, ಹೊರಡುವ ಹೊತ್ತಿಗೆ, ನನ್ನ ಕೈಯಲ್ಲಿದ್ದದ್ದನ್ನು ನೋಡಿ ಕೇಳುತ್ತಾರೆ: "ಕಿಸೆಯಲ್ಲಿ ಇಟ್ಟುಕೊಳ್ಳಲಿಕ್ಕೆ ನನಗೂ ಒಂದು ಬೇಕಿತ್ತು. ಇಂಥದ್ದೇ ತೆಗೊಳ್ಳಬಹುದಾ?"

ಇಂಥದ್ದೇ ಬೇಡ ಎನ್ನುತ್ತೇನೆ. ಕಸಿಚೂರಿಯ ಬಾಯಿ ಹೆಚ್ಚಾಗಿ ಒಂದೇ ಬದಿಗೆ ಮಸೆದದ್ದು, ಇನ್ನೊಂದು ಬದಿ ಚಪ್ಪಟೆ. ಕೊಂಬೆಯ ಮೇಲೆ ಒಂದೇ ಎಳೆತಕ್ಕೆ ಸಪಾಟಾದ ಗಾಯ ಮಾಡಲು ಅದು ಬೇಕು. ಅದರಲ್ಲಿ ಸೇಬು ಕೊಯ್ದರೆ ಹೋಳು ಓರೆಯಾಗಿ ಓಡುತ್ತದೆ. ಬಲಗೈಯವರದ್ದು ಎಡಗೈಯವರಿಗೆ ಆಗುವುದೂ ಇಲ್ಲ. ದಿನಬಳಕೆಗೆ ಎರಡೂ ಬದಿ ಸಮವಾಗಿ ಮಸೆದ ಮಡಚುವ ಚೂರಿ ಬೇಕು, ನಮ್ಮ ಹಿರಿಯರ ಸಣ್ಣ ಚೂರಿ ಪೀಶಕತ್ತಿಯ ವಂಶದ್ದು.

ಹೋದ ಆಟಿ ತಿಂಗಳ ಮಳೆಯಲ್ಲಿ ಬದಿಯಡ್ಕ ಕಡೆಯ ಭಾವ ಒಬ್ಬರು ಬಂದರು. ಬ್ಯಾಂಕಿನಿಂದ ನಿವೃತ್ತರು, ಈಗ ಪೂರ್ತಿ ತೋಟ. ಕರವಸ್ತ್ರ ಬಿಚ್ಚಿ ಒಂದು ಚೂರಿ ಮೇಜಿನ ಮೇಲಿಟ್ಟರು. ಫ್ರಾನ್ಸಿನ ಒಪಿನೆಲ್, ಎಂಟನೇ ನಂಬರು, ಬೀಚ್ ಮರದ ಹಿಡಿ. ಮಗ ಬೆಂಗಳೂರಿನಿಂದ ತಂದುಕೊಟ್ಟದ್ದು.

"ಎಂತ ಭಾವ, ಇದು ಬಿಡಿಸಲಿಕ್ಕೇ ಆಗುವುದಿಲ್ಲ. ಉಗುರು ಕಿತ್ತು ಬಂತು. ಹಾಳಾಯಿತಾ?"

ಹಾಳಾಗಿರಲಿಲ್ಲ. ಕುತ್ತಿಗೆಯ ಉಕ್ಕಿನ ಬಳೆಯನ್ನು ತಿರುಗಿಸಿ ಸಡಿಲ ಮಾಡಿದೆ. ಹಿಡಿಯ ಬುಡವನ್ನು ಮೇಜಿನ ಅಂಚಿಗೆ ಎರಡು ಸಲ ಕುಟ್ಟಿದೆ. ಅಲಗು ಉಗುರಿನಷ್ಟು ಹೊರಗೆ ಹಾರಿತು, ಆಮೇಲೆ ಎಳೆದು ತೆರೆದದ್ದಾಯಿತು. ಈ ಚೂರಿ ಹುಟ್ಟಿದ್ದು ಫ್ರಾನ್ಸಿನ ಸವಾಯ್ ಎಂಬ ಬೆಟ್ಟದ ಸೀಮೆಯಲ್ಲಿ, 1890ರಲ್ಲಿ. ಅಲ್ಲಿಯವರು ಈ ಕುಟ್ಟುವಿಕೆಗೆ ತಮ್ಮ ಊರಿನ ಹೆಸರನ್ನೇ ಇಟ್ಟಿದ್ದಾರೆ. ಎಂದರೆ ಮರ ನೀರು ಕುಡಿದು ಉಬ್ಬುವುದು, ಅಲಗನ್ನು ಕಚ್ಚಿ ಹಿಡಿಯುವುದು ಹುಟ್ಟೂರಿನಲ್ಲೇ ಗೊತ್ತಿದ್ದ ಸಂಗತಿ. ಅಲ್ಲಿಯೇ ಹಾಗಾದರೆ ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಕಾಸರಗೋಡಿನಲ್ಲಿ ಹೇಗಿದ್ದೀತು!

ಹಾಗಾಗಿ ಚೂರಿ ಕೇಳಿದವರಿಗೆ ನಾನು ಉಕ್ಕಿನ ಹೆಸರು ಹೇಳುವುದಿಲ್ಲ, ಮೊದಲು ಕೇಳುವುದೇ ಹೀಗೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಚೂರಿ ಎಲ್ಲಿರುತ್ತದೆ? ಒದ್ದೆ ಕಿಸೆಯಲ್ಲೇ ಎಂದಾದರೆ ಮರದ ಹಿಡಿಯ ಆಸೆ ಬಿಡಿ. ಪ್ಲಾಸ್ಟಿಕ್, ಫೈಬರ್ ಅಥವಾ ಲೋಹದ ಹಿಡಿ ತೆಗೆದುಕೊಳ್ಳಿ. ಮರದ್ದು ಕೈಗೆ ಹಿತ, ನೋಡಲು ಚಂದ, ನನ್ನ ಹತ್ತಿರವೂ ಇದೆ, ಆದರೆ ನವೆಂಬರ್‌ನಿಂದ ಮೇ ವರೆಗೆ. ಈಗಾಗಲೇ ಕೊಂಡು ಆಗಿದ್ದರೆ ಬಿಸಿಲಿನ ದಿನ ಹಿಡಿ ಚೆನ್ನಾಗಿ ಒಣಗಿದಾಗ ಅಲಗು ಮಡಚುವ ಕೀಲಿನ, ಎಂದರೆ ತಿರುಗಣೆಯ, ಸುತ್ತಲಿನ ಮರಕ್ಕೆ ವ್ಯಾಸಲಿನ್ ಉಣಿಸಿ. ಮರ ಉಬ್ಬುವುದು ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ.

ಇನ್ನು ಉಕ್ಕು. ನಮ್ಮ ಆಚಾರಿಗಳು ಲಾರಿಯ ಸ್ಪ್ರಿಂಗ್ ಪ್ಲೇಟ್ ಬಡಿದು ಕತ್ತಿ ಮಾಡಿಕೊಟ್ಟಾಗ ಯಾರೂ "ಇದು ಯಾವ ಗ್ರೇಡು" ಎಂದು ಕೇಳುವುದಿಲ್ಲ, "ಹದ ಸರಿ ಉಂಟಾ" ಎಂದು ಕೇಳುತ್ತಾರೆ. ಮಡಚುವ ಚೂರಿಗೂ ಅದೇ ಪ್ರಶ್ನೆ ಸರಿ. ಕಾರ್ಖಾನೆಯವರು ಹದವನ್ನು ರಾಕ್‌ವೆಲ್ ಎಂಬ ಗಡಸುತನದ ಅಂಕೆಯಲ್ಲಿ ಹೇಳುತ್ತಾರೆ, ಅಂಕೆ ಹೆಚ್ಚಿದಷ್ಟೂ ಉಕ್ಕು ಗಡಸು. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್‌ನ ಕೆಂಪು ಚೂರಿಯ ಅಲಗು ಸುಮಾರು 56. ಮನೆಯ ಕಲ್ಲಿನಲ್ಲಿ ಐದು ನಿಮಿಷ ಮಸೆದರೆ ಮತ್ತೆ ಹರಿತ, ಆದರೆ ಬೇಗ ಮೊಂಡಾಗುತ್ತದೆ. 60ರ ಸುತ್ತಮುತ್ತಲಿನ ದುಬಾರಿ ಅಮೆರಿಕನ್ ಉಕ್ಕುಗಳು ತಿಂಗಳುಗಟ್ಟಲೆ ಹರಿತ ಬಿಡುವುದಿಲ್ಲ, ಬಿಟ್ಟ ಮೇಲೆ ನಮ್ಮ ಮಸೆಗಲ್ಲಿಗೆ ಬಗ್ಗುವುದೂ ಇಲ್ಲ, ವಜ್ರದ ಪುಡಿ ಹಚ್ಚಿದ ಪಟ್ಟಿಯೇ ಬೇಕು. ತೋಟದವರಿಗೆ, ಮನೆಯವರಿಗೆ ಮೊದಲನೆಯದೇ ಲೇಸು ಎಂಬುದು ನನ್ನ ಪಕ್ಷಪಾತ. ಬೇಗ ಮೊಂಡಾಗಿ ಬೇಗ ಹರಿತವಾಗುವ ಚೂರಿಯನ್ನು ಜನ ಮಸೆಯುತ್ತಾರೆ. ಇನ್ನೊಂದನ್ನು ಮೊಂಡಾದ ಮೇಲೆ ಡ್ರಾಯರಿನಲ್ಲಿ ಹಾಕುತ್ತಾರೆ.

ಸ್ಟೇನ್‌ಲೆಸ್ಸೋ ಕಾರ್ಬನ್ನೋ ಎಂಬ ಚರ್ಚೆಯೂ ಬರುತ್ತದೆ. ಕಾರ್ಬನ್ ಉಕ್ಕು ಬಹಳ ಚೂಪಾಗುತ್ತದೆ, ಮಸೆಯಲು ಸುಲಭ. ಅದರಲ್ಲಿ ಹಸಿ ಅಡಿಕೆ ಕೊಯ್ದು ನೋಡಿ. ಹೋಳೂ ಕಪ್ಪು, ಅಲಗೂ ಕಪ್ಪು. ಚೊಗರು ಕಬ್ಬಿಣದೊಂದಿಗೆ ಕೂಡಿದರೆ ಹಾಗೆಯೇ, ಹಿಂದಿನವರು ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇದೇ ಉಪಾಯದಿಂದ. ಈ ಕಪ್ಪು ತುಕ್ಕಲ್ಲ, ಉಜ್ಜಿ ತೆಗೆಯಬೇಡಿ, ಕೆಂಪು ತುಕ್ಕನ್ನು ಒಂದಷ್ಟು ತಡೆಯುವುದು ಅದೇ. ಆದರೆ ಕುಂಬಳೆ, ಮಂಜೇಶ್ವರದ ಕಡಲ ಬದಿಯವರು ಸ್ಟೇನ್‌ಲೆಸ್ ತೆಗೆದುಕೊಳ್ಳುವುದೇ ಸರಿ. ಉಪ್ಪುಗಾಳಿಗೆ ಅದೂ ಪೂರ್ತಿ ಜಗ್ಗದೆ ಇರುವುದಿಲ್ಲ, ಬೆವರಿನ ಕಿಸೆಯಲ್ಲಿ ಬಿಟ್ಟರೆ ಸಾಸಿವೆ ಗಾತ್ರದ ಚುಕ್ಕೆ ಬೀಳುತ್ತದೆ.

ಅಜ್ಜನ ಎಲೆಯಡಿಕೆ ಸಂಚಿಯಲ್ಲಿ ಒಂದು ಪುಟ್ಟ ಕಾರ್ಬನ್ ಚೂರಿ ಇತ್ತು. ಸುಣ್ಣದ ಡಬ್ಬಿಯ ಒತ್ತಿನಲ್ಲೇ ಬಿದ್ದಿರುತ್ತಿತ್ತು, ಅದಕ್ಕೆ ತುಕ್ಕು ಬಂದದ್ದನ್ನು ನಾನು ಕಂಡಿಲ್ಲ. ಸುಣ್ಣದ ಕ್ಷಾರದಲ್ಲಿ ಕಬ್ಬಿಣಕ್ಕೆ ತುಕ್ಕು ಹತ್ತುವುದು ನಿಧಾನ, ಕಾಂಕ್ರೀಟಿನೊಳಗಿನ ಸರಳು ಉಳಿಯುವುದೂ ಹಾಗೆಯೇ. ಕವಳದವರು ಇದನ್ನು ಓದಿ ಅಲ್ಯುಮಿನಿಯಮ್ ಹಿಡಿಯ ಚೂರಿಯನ್ನು ಸಂಚಿಗೆ ಹಾಕಬೇಡಿ. ಅಲ್ಯುಮಿನಿಯಮನ್ನು ಸುಣ್ಣ ತಿನ್ನುತ್ತದೆ.

ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ನಾನು ನೋಡುವುದು ತಿರುಗಣೆ. ಅಲಗು ತೆರೆದು ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಡಬಲಕ್ಕೆ ಆಡಿಸಿ. ಟಿಕ್ ಎಂದು ಕೂದಲಷ್ಟಾದರೂ ಅಲುಗಿದರೆ, ಅದು ಸ್ಕ್ರೂ ಇದ್ದದ್ದಾದರೆ ಬಿಗಿ ಮಾಡಬಹುದು, ರಿವೆಟ್ ಆದರೆ ಕೆಳಗಿಡಿ. ಆಮೇಲೆ ಮುಚ್ಚಿ, ಬೆಳಕಿಗೆ ಹಿಡಿದು ಹಿಡಿಯ ಸಂದಿಯನ್ನು ನೋಡಿ. ಅಲಗು ನಡುವಿನಲ್ಲಿ ಕೂತಿರಬೇಕು. ಒಂದು ಬದಿಗೆ ಒರಗಿ ಒಳಗೋಡೆಗೆ ತಾಗುತ್ತಿದ್ದರೆ ಪ್ರತಿ ಸಲ ಮುಚ್ಚುವಾಗಲೂ ನೀವೇ ಬಾಯಿ ಸವೆಸಿದ ಹಾಗೆ.

ಬೀಗದ ವಿಷಯ ನನಗೆ ಪಾಠ ಕಲಿಸಿದ್ದು ಡ್ರಿಪ್ ಪೈಪು. ಹಳೆಯ ಮಾದರಿಯ ಕಿಸೆಚೂರಿಗಳಲ್ಲಿ ಬೀಗ ಎಂಬುದೇ ಇಲ್ಲ, ಬೆನ್ನಿನ ಸ್ಪ್ರಿಂಗ್ ಅಲಗನ್ನು ಒತ್ತಿ ನಿಲ್ಲಿಸುತ್ತದೆ ಅಷ್ಟೆ. ಎಳೆದು ಕೊಯ್ಯುವ ಕೆಲಸಕ್ಕೆ ಅಷ್ಟು ಸಾಕು. ನಾನು ಅಂಥದ್ದರ ಮೊನೆಯಿಂದ ಪೈಪಿಗೆ ತೂತು ಮಾಡಲು ಹೊರಟೆ. ಪೈಪು ಜಾರಿತು, ಅಲಗು ಹಿಂದಕ್ಕೆ ಮಡಚಿತು, ನಡುವೆ ಇದ್ದದ್ದು ನನ್ನ ತೋರುಬೆರಳು. ಮೂರು ಹೊಲಿಗೆ. ಇಪ್ಪತ್ತು ದಿನ ಕಸಿ ಇಲ್ಲ, ಅದೂ ಗೇರಿನ ಸೀಸನ್‌ನಲ್ಲಿ. ಚುಚ್ಚುವ, ಮೀಟುವ ಕೆಲಸ ನಿಮ್ಮದಾದರೆ ಬೀಗದ್ದೇ ಬೇಕು. ಒಪಿನೆಲ್‌ನ ತಿರುಗುವ ಬಳೆ 1955ರಲ್ಲಿ ಬಂದದ್ದು, ಸರಳ, ಕಣ್ಣಿಗೆ ಕಾಣುವಂಥದ್ದು. ಈಗಿನ ಬಹಳಷ್ಟು ಚೂರಿಗಳಲ್ಲಿ ಲೈನರ್ ಲಾಕ್: ಹಿಡಿಯ ಒಳಗಿನ ಲೋಹದ ತೆಳು ಪಟ್ಟಿ ಬದಿಗೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಪಟ್ಟಿ ಬುಡದ ಎಷ್ಟು ಭಾಗವನ್ನು ಹಿಡಿದಿದೆ ನೋಡಿ. ಅಂಚಿಗೆ ಮಾತ್ರ ತಾಗಿದ್ದರೆ ನಂಬಬೇಡಿ. ಅಲಗಿನ ಬೆನ್ನನ್ನು ಮರದ ಹಲಗೆಗೆ ಮೆಲ್ಲನೆ ಒತ್ತಿ ನೋಡಿ, ಬೆರಳು ಅಲಗಿನ ದಾರಿಯಲ್ಲಿ ಇರದ ಹಾಗೆ.

ದಪ್ಪ ಅಲಗಿನ ಮೋಹ ಹುಡುಗರಿಗೆ ಹೆಚ್ಚು. ನಾಲ್ಕು ಮಿಲಿಮೀಟರ್ ಬೆನ್ನು, ಕಪ್ಪು ಬಣ್ಣ, ಅರ್ಧ ಗರಗಸದ ಹಲ್ಲು. ಮಿಲಿಟರಿಯವರದ್ದಂತೆ! ಒಂದು ನೇಂದ್ರ ಬಾಳೆಕಾಯಿ ಕೊಡಿ ಅದಕ್ಕೆ. ಅರ್ಧ ದಾರಿಯಲ್ಲಿ ಟಪ್ ಎಂದು ಕಾಯಿ ಸೀಳುತ್ತದೆ, ಕೊಯ್ಯುವುದಿಲ್ಲ. ಎರಡು, ಎರಡೂವರೆ ಮಿಲಿಮೀಟರ್ ಬೆನ್ನಿನಿಂದ ಬಾಯಿಯವರೆಗೆ ತೆಳುವಾಗುತ್ತ ಬಂದ ಅಲಗು ಹಗ್ಗ, ಗೊಬ್ಬರದ ಗೋಣಿ, ಬಾಳೆನಾರು, ಮಾವಿನಹಣ್ಣು ಎಲ್ಲವನ್ನೂ ನಿಭಾಯಿಸುತ್ತದೆ. ಉದ್ದ ಆರರಿಂದ ಎಂಟೂವರೆ ಸೆಂಟಿಮೀಟರ್ ಸಾಕು. ತೂಕ ನೂರು ಗ್ರಾಮಿನ ಒಳಗಿರಲಿ. ಪಂಚೆ ಉಡುವ ನಮಗೆ ಕಿಸೆ ಎಂದರೆ ಅಂಗಿಯದ್ದು, ಕೆರೆಯ ಪಂಪಿಗೆ ಬಗ್ಗಿದಾಗ ಭಾರದ್ದು ಮೊದಲು ನೀರಿಗೆ ಹಾರುತ್ತದೆ. ಹಿಡಿಯ ತುದಿಯಲ್ಲಿ ದಾರ ಕಟ್ಟಲು ಬಳೆ ಇದ್ದರೆ ಒಳ್ಳೆಯದು. ನನ್ನ ಎರಡು ಚೂರಿಗಳು ಕೆರೆಯ ತಳದಲ್ಲಿವೆ.

ಆನ್‌ಲೈನ್‌ನಲ್ಲಿ ಕೊಳ್ಳುವಾಗ ಚಿತ್ರಕ್ಕೆ ಮರುಳಾಗಬೇಡಿ. ನಾನೊಮ್ಮೆ ಪದರ ಪದರ ಉಕ್ಕು ಬೆಸೆದ, ಅಲೆ ಅಲೆ ಚಿತ್ತಾರದ ಡಮಾಸ್ಕಸ್ ಅಲಗು ಎಂದು ತರಿಸಿದೆ. ಪಾತ್ರೆ ತಿಕ್ಕುವ ನಾರಿನಲ್ಲಿ ನಾಲ್ಕು ಸಲ ಉಜ್ಜಿದ್ದಕ್ಕೆ ಡಮಾಸ್ಕಸ್ ತೊಳೆದು ಹೋಯಿತು. ಎರಡು ಮೂರು ಸಾವಿರದ ಒಳಗೆ ಹೆಸರುಳ್ಳ ತಯಾರಕರ ಸಾದಾ ಚೂರಿಯೇ ಸಿಗುವಾಗ ನಕಲಿಯ ಹಿಂದೆ ಹೋಗುವುದು ಯಾಕೆ?

ಮಸೆಯುವುದನ್ನು ಕಲಿಯದೆ ಚೂರಿ ಕೊಳ್ಳಬೇಡಿ ಎಂದು ಭಾವನಿಗೂ ಹೇಳಿದೆ. ಒಂದೂವರೆ ಸೆಂಟಿಮೀಟರ್ ಅಗಲದ ಅಲಗಾದರೆ ಈಗಿನ ಒಂದು ರೂಪಾಯಿಯ ಮೂರು ನಾಣ್ಯಗಳನ್ನು ಕಲ್ಲಿನ ಮೇಲೆ ಒಂದರ ಮೇಲೊಂದು ಇಡಿ, ನಾಲ್ಕು ಮಿಲಿಮೀಟರಿಗೆ ಸ್ವಲ್ಪ ಮೇಲೆ ಬರುತ್ತದೆ. ಬೆನ್ನನ್ನು ಅದರ ಮೇಲೆ ಒರಗಿಸಿ ಬಾಯಿ ಕಲ್ಲಿಗೆ ತಾಗಿಸಿದರೆ ಸಿಗುವ ಓರೆ ಹದಿನೈದು ಹದಿನೇಳು ಡಿಗ್ರಿ. ಕೈ ಅದನ್ನು ನೆನಪಿಟ್ಟುಕೊಳ್ಳುತ್ತದೆ, ನಾಣ್ಯ ತೆಗೆದು ಮಸೆಯಿರಿ. ಒಂದು ಬದಿ ಮಸೆಯುತ್ತ ಹೋದಂತೆ ಇನ್ನೊಂದು ಬದಿಯ ಅಂಚಿನಲ್ಲಿ ಹೆಬ್ಬೆರಳನ್ನು ಅಡ್ಡಕ್ಕೆ ಸವರಿದರೆ ಸಣ್ಣ ದೊರಗು ತಾಗುತ್ತದೆ. ಬುಡದಿಂದ ತುದಿಯವರೆಗೆ ಅದು ಬಂದ ಮೇಲೆಯೇ ಬದಿ ಬದಲಿಸುವುದು. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಹತ್ತು ಸಲ ಎಳೆಯಿರಿ. ಕಲ್ಲಿಲ್ಲದ ಕಡೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ತಳದ ಹೊಳಪಿಲ್ಲದ ಸುತ್ತಿನಲ್ಲಿ ಎಳೆದರೂ ತಾತ್ಕಾಲಿಕಕ್ಕೆ ಆದೀತು. ಸರಿಯಾಯಿತೇ ಎಂದು ನೋಡಲು ಬಾಯಿಯನ್ನು ಬಲ್ಬಿನ ಕಡೆಗೆ ಮೇಲ್ಮುಖ ಹಿಡಿಯಿರಿ. ಎಲ್ಲಿ ಬಿಳಿ ಗೆರೆ ಮಿಂಚುತ್ತದೋ ಅಲ್ಲಿ ಇನ್ನೂ ಮೊಂಡು, ಹರಿತದ ಅಂಚು ಬೆಳಕನ್ನು ಹಿಂದಕ್ಕೆ ಕೊಡುವುದಿಲ್ಲ.

ಯಂತ್ರದ ಸಾಣೆಯವರಿಗೆ ತೆಳು ಚೂರಿ ಕೊಡಲು ನನಗೆ ಧೈರ್ಯ ಇಲ್ಲ. ಕಿಡಿ ಹಾರುವಾಗ ಅಂಚು ನೀಲಿಯಾದರೆ ಅಲ್ಲಿಯ ಶಾಖ ಮುನ್ನೂರು ಡಿಗ್ರಿಯ ಹತ್ತಿರ ಹೋಗಿದೆ ಎಂದರ್ಥ. ಹದ ಇಳಿಯಿತು. ಆ ಭಾಗ ಸವೆದು ಹೋಗುವವರೆಗೆ ಎಷ್ಟು ಮಸೆದರೂ ಸಂಜೆಯೊಳಗೆ ಮೊಂಡು.

ಎಣ್ಣೆ ಯಾವುದು? ತಿರುಗಣೆಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಅಲಗಿಗೆ, ಹಣ್ಣು ಕೊಯ್ಯುವುದು ಇದ್ದದ್ದರಿಂದ, ತೆಂಗಿನೆಣ್ಣೆಯೇ ಸರಿ. ಅಡುಗೆಯ ಬೇರೆ ಹಲವು ಎಣ್ಣೆಗಳಷ್ಟು ಬೇಗ ಅಂಟಾಗುವುದಿಲ್ಲ.

ಕಾನೂನಿನ ಹೆದರಿಕೆ ಕೆಲವರಿಗೆ. 1959ರ ಶಸ್ತ್ರಾಸ್ತ್ರ ಕಾಯಿದೆಯಡಿ 2016ರಲ್ಲಿ ಬಂದ ನಿಯಮಗಳು ಆಯುಧವೆಂದು ಪಟ್ಟಿ ಮಾಡುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನವನ್ನು. ಮನೆ, ಕೃಷಿ, ಕೈಗಾರಿಕೆಯ ಕೆಲಸಕ್ಕೆಂದೇ ಮಾಡಿದವಕ್ಕೆ ಅದರಿಂದ ವಿನಾಯಿತಿ ಇದೆ. ನಮ್ಮ ಕಿಸೆಚೂರಿ ಆ ಅಳತೆಯ ಅರ್ಧವೂ ಇಲ್ಲ. ಆದರೆ ಗುಂಡಿ ಒತ್ತಿದರೆ ಚಟಕ್ಕನೆ ಹಾರುವ ಸ್ಪ್ರಿಂಗ್ ಚೂರಿಯ ಗೊಡವೆ ಬೇಡ. ದೆಹಲಿಯಲ್ಲಿ 7.62 ಸೆಂಟಿಮೀಟರ್ ಮತ್ತು ಮೇಲ್ಪಟ್ಟ ಅಲಗಿನ ಅಂಥವುಗಳನ್ನು ನಿರ್ಬಂಧಿಸುವ 1980ರ ಅಧಿಸೂಚನೆ ಇದೆ. ಚುನಾವಣೆ, ಗಲಾಟೆಯ ದಿನಗಳಲ್ಲಿ ನಿಷೇಧಾಜ್ಞೆ ಇದ್ದಾಗ ಚೂರಿ ಮನೆಯಲ್ಲಿರಲಿ. ವಿದ್ಯಾನಗರದ ಕೋರ್ಟು, ಕಲೆಕ್ಟರೇಟಿಗೆ ಹೋಗುವಾಗಲೂ ಹಾಗೆಯೇ. ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ವಿಮಾನ ಹತ್ತುವವರು ಕೀಚೈನಿನಲ್ಲಿ ನೇತಾಡುವ ಪುಟ್ಟದ್ದನ್ನು ಮರೆಯುವುದು ಜಾಸ್ತಿ. ಕೈಚೀಲದಲ್ಲಿ ಸಿಕ್ಕಿದರೆ ಅಲ್ಲಿಗೇ ಅದರ ಆಸೆ ಬಿಡಬೇಕು. ದೊಡ್ಡ ಬ್ಯಾಗಿನೊಳಗೆ ಹಾಕಿ ಕೊಟ್ಟುಬಿಡಿ.

ಭಾವ ಅವತ್ತು ಆರು ಹಲಸಿನ ಕಸಿಗಿಡವನ್ನೂ ಒಯ್ದರು. ಚೌತಿಯ ಹೊತ್ತಿಗೆ ಸಿಕ್ಕಿದಾಗ ಅಂಗಿಯ ಕಿಸೆಯಲ್ಲಿ ಕೆಂಪು ಹಿಡಿಯದ್ದೊಂದು ಇತ್ತು, ದಾರ ಕಟ್ಟಿ ಗುಂಡಿಗೆ ಸಿಕ್ಕಿಸಿದ್ದರು. "ಮಗನದ್ದು ಎಲ್ಲಿ?" ಎಂದೆ.

"ಬಚ್ಚಲ ಒಲೆಯ ಪಕ್ಕ ಮೊಳೆಯಲ್ಲಿ ನೇತುಹಾಕಿದ್ದೇನೆ ಭಾವ, ಬೆಚ್ಚಗೆ ಉಂಟು. ದೀಪಾವಳಿ ಕಳೆದ ಮೇಲೆ ಅದು ಕಿಸೆಗೆ, ಇದು ಮೊಳೆಗೆ."