ಮಾಯಾ: ಒಂದು ಹೆಸರು, ಮೂವತ್ತು ಭಾಷೆ

ಮೆಕ್ಸಿಕೊ, ಅದರ ಪಕ್ಕದ ಗ್ವಾಟೆಮಾಲ ಕಡೆಯ ಒಂದು ಜನದ ಹೆಸರು ಮಾಯಾ. ಈ ಪದ ಕನ್ನಡದ ಕಿವಿಗೆ ಬಿದ್ದ ಕೂಡಲೇ ಬೇರೆಯದೇ ಅರ್ಥ ಹೊಳೆಯುತ್ತದೆ. ನಮಗೆ ಮಾಯ ಅಂದರೆ ಇದ್ದದ್ದು ಇಲ್ಲವಾಗುವುದು. ಮಾಯೆ ಅಂದರೆ ಇಲ್ಲದ್ದು ಇದ್ದಂತೆ ಕಾಣುವುದು. ಹಾಗಾಗಿ ‘ಮಾಯವಾದ ಮಾಯಾ ಜನ’ ಅಂತ ತಲೆಬರಹ ಕೊಡುವುದು ಬಲು ಸುಲಭ. 2012ರಲ್ಲಿ ಪ್ರಳಯದ ಸುದ್ದಿ ಹಬ್ಬಿದಾಗ ನಮ್ಮ ಟಿವಿಗಳಲ್ಲೂ ಅದೇ ಮಾತು. ಸಾವಿರ ವರ್ಷದ ಹಿಂದೆ ಕಣ್ಮರೆಯಾದ ಜನ, ಅವರ ಕ್ಯಾಲೆಂಡರ್, ಲೋಕದ ಕೊನೆ. ಅದೇ ಹೊತ್ತಿಗೆ ಗ್ವಾಟೆಮಾಲದ ಬೆಟ್ಟದೂರುಗಳಲ್ಲಿ ಅದೇ ಜನ ಸಂತೆಗೆ ಹೋಗಿ, ತಮ್ಮ ಭಾಷೆಯಲ್ಲೇ ಚೌಕಾಸಿ ಮಾಡಿ, ಮೆಕ್ಕೆಜೋಳ ಹೊತ್ತು ಮನೆಗೆ ಬರುತ್ತಿದ್ದರು.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಈ ಮಾಯಾಗೂ ಸಂಸ್ಕೃತದ ಮಾಯೆಗೂ ನಂಟಿಲ್ಲ. ಮಯಾಸುರನಿಗೂ ಇಲ್ಲ. ಇದು ಮೆಕ್ಸಿಕೊದ ಯುಕತಾನ್ ಕಡೆಯ ಪದ. ಅಲ್ಲಿ ಮಾಯಪಾನ್ ಅನ್ನುವ ದೊಡ್ಡ ಊರೂ ಇತ್ತು. ಸ್ಪೇನಿನವರು 16ನೇ ಶತಮಾನದಲ್ಲಿ ಬಂದಾಗ ಈ ಹೆಸರು ಆ ಸೀಮೆಯ ಜನಕ್ಕೆ, ಅವರ ಮಾತಿಗೆ ಮಾತ್ರ ಸಲ್ಲುತ್ತಿತ್ತು. ಆ ಮಾತಿಗೆ ನಂಟಿರುವ ಇನ್ನೂ ಎಷ್ಟೋ ಭಾಷೆಗಳು ತೆಂಕಣದ ಬೆಟ್ಟಗಳಲ್ಲಿವೆ ಅಂತ ಗೊತ್ತಾದ ಮೇಲೆ ವಿದ್ವಾಂಸರು ಇಡೀ ಕುಟುಂಬಕ್ಕೇ ಆ ಹೆಸರು ಹಚ್ಚಿದರು. ಬೆಟ್ಟದ ಜನ ‘ನಾವೆಲ್ಲ ಮಾಯಾ’ ಅಂತ ಒಟ್ಟಾಗಿ ಹೇಳಿಕೊಳ್ಳತೊಡಗಿದ್ದು 20ನೇ ಶತಮಾನದ ಕೊನೆಯ ದಶಕಗಳಲ್ಲಿ, ತಮ್ಮ ಹಕ್ಕು ಕೇಳಲು ಎದ್ದು ನಿಂತಾಗ.

ಅಂದರೆ ‘ಮಾಯನ್ ಭಾಷೆ’ ಅನ್ನುವುದು ‘ದ್ರಾವಿಡ ಭಾಷೆ’ ಅಂದ ಹಾಗೆ. ಹಾಗಂತ ಯಾರೂ ಮನೆಯಲ್ಲಿ ದ್ರಾವಿಡ ಮಾತಾಡಲ್ಲ, ಅಲ್ವಾ? ಮಾಯನ್ ಕುಟುಂಬದಲ್ಲಿ ಸುಮಾರು 30 ಭಾಷೆಗಳಿವೆ. ಮೆಕ್ಸಿಕೊ, ಗ್ವಾಟೆಮಾಲ, ಬೆಲೀಜ್‌ಗಳಲ್ಲಿ ಒಟ್ಟು 50 ಲಕ್ಷಕ್ಕೂ ಜಾಸ್ತಿ ಜನ ಇವನ್ನು ಆಡುತ್ತಾರೆ. ಎಲ್ಲಕ್ಕಿಂತ ದೊಡ್ಡವುಗಳಲ್ಲಿ ಒಂದು ಗ್ವಾಟೆಮಾಲದ ಕಿಚೇ, ಸುಮಾರು 10 ಲಕ್ಷ ಮಂದಿಯ ಮಾತು. ಅದೇ ದೇಶದಲ್ಲಿ ಕೆಕ್ಚಿ, ಮಾಮ್, ಕಾಕ್ಚಿಕೆಲ್ ಇವೆ. ಮೆಕ್ಸಿಕೊದಲ್ಲಿ ಯುಕತಾನಿನ ಮಾಯಾ ಮಾತಾಡುವವರು 2020ರ ಜನಗಣತಿಯ ಪ್ರಕಾರ 7.7 ಲಕ್ಷ. ಚಿಯಾಪಾಸ್ ರಾಜ್ಯದ ಬೆಟ್ಟಗಳಲ್ಲಿ ತ್ಸೆಲ್ತಾಲ್, ತ್ಸೋತ್ಸಿಲ್ ಇವೆ, ಒಂದೊಂದಕ್ಕೂ 5 ಲಕ್ಷ ದಾಟಿ ಮಂದಿ. ಉಳಿದವರಿಂದ ಬಹಳ ದೂರ, ಬಡಗಣದಲ್ಲಿ, ತೇನೆಕ್ ಒಂಟಿಯಾಗಿ ನಿಂತಿದೆ. ನಮ್ಮ ಕಡೆ ಬ್ರಾಹುಯಿ ದೂರದ ಬಲೂಚಿಸ್ತಾನದಲ್ಲಿ ಒಂಟಿಯಾಗಿ ಉಳಿದ ಹಾಗೆ.

ಇವೆಲ್ಲ ಒಂದೇ ಬೇರಿನವು ಅಂತ ಹೇಗೆ ಗೊತ್ತು? ಮೂರು ಅಂತ ಎಣಿಸಿ ನೋಡಿ. ಯುಕತಾನಿನಲ್ಲಿ ಓಶ್, ತ್ಸೋತ್ಸಿಲ್‌ನಲ್ಲಿ ಒಶಿಬ್, ಕಿಚೇಯಲ್ಲೂ ಒಶಿಬ್, ಮಾಮ್‌ನಲ್ಲಿ ಒಶೆ. ನಮ್ಮ ಮೂರು, ತೆಲುಗಿನ ಮೂಡು, ತುಳುವಿನ ಮೂಜಿ ಇದ್ದಂತೆ. ಮೆಕ್ಕೆಜೋಳಕ್ಕೆ ಬೆಟ್ಟದಲ್ಲಿ ಇಶಿಮ್, ಯುಕತಾನಿನ ಬಯಲಲ್ಲಿ ಇಶಿಇಮ್. ಈ ಪದ ಇಷ್ಟು ಗಟ್ಟಿಯಾಗಿ ಉಳಿದದ್ದರಲ್ಲಿ ಅಚ್ಚರಿಯಿಲ್ಲ. ಕಿಚೇ ಜನರ ಪುರಾಣದ ಪುಸ್ತಕ ಪೊಪೊಲ್ ವುಹ್‌ನಲ್ಲಿ ಮನುಷ್ಯರ ಮೈಯನ್ನು ಮಾಡಿದ್ದೇ ಹಳದಿ, ಬಿಳಿ ಜೋಳದ ಹಿಟ್ಟಿನಿಂದ.

ಆಡುವವರು ತಮ್ಮ ಮಾತಿಗೆ ಏನನ್ನುತ್ತಾರೆ? ತ್ಸೋತ್ಸಿಲರದು ‘ಬಾತ್ಸಿ ಕೋಪ್’. ಹಾಗಂದರೆ ದಿಟವಾದ ಮಾತು. ಯುಕತಾನಿನವರದು ‘ಮಾಯಾ ತಾನ್’, ಮಾಯಾ ನುಡಿ. ಕಾಕ್ಚಿಕೆಲರು ‘ಕಚಬಲ್’ ಅನ್ನುತ್ತಾರೆ, ಅಂದರೆ ಸುಮ್ನೆ ‘ನಮ್ಮ ಮಾತು’. ಕಿಚೇ ಅನ್ನುವುದಕ್ಕೆ ಹಲವು ಮರ ಅಂತ ಅರ್ಥ: ಕಿ ಅಂದರೆ ಹಲವು, ಚೇ ಅಂದರೆ ಮರ. ಸ್ಪೇನಿನವರ ಜೊತೆ ಬಂದ, ನಡು ಮೆಕ್ಸಿಕೊದ ನಹುವಾ ದಂಡಿನವರು ತಮ್ಮ ಭಾಷೆಯಲ್ಲಿ, ಮರಗಳು ತುಂಬಿದ ಜಾಗ ಅನ್ನುವ ಅರ್ಥದಲ್ಲಿ, ಈ ನಾಡನ್ನು ಕರೆದ ಹೆಸರೇ ಸವೆದು ಗ್ವಾಟೆಮಾಲ ಆಯಿತು.

ಈಗ ಸ್ವಲ್ಪ ಹತ್ತಿರ ಹೋಗಿ ಕೇಳೋಣ. ಕಿಚೇಯ ಮೂರು ಪದ ತೆಗೆದುಕೊಳ್ಳಿ: ಕೆಂಪು, ಚಿಗಟ, ಬೆಂಕಿ. ಕನ್ನಡ ಲಿಪಿಯಲ್ಲಿ ಬರೆದರೆ ಮೂರೂ ‘ಕಕ್’ ಅಂತಲೇ ಕಾಣುತ್ತವೆ. ಕಿಚೇ ಕಿವಿಗೆ ಅವು ಬೇರೆ ಬೇರೆ. ಯಾಕೆಂದರೆ ಅವರಲ್ಲಿ ನಾಲ್ಕು ಬಗೆಯ ಕ ಇವೆ. ಒಂದು ನಮ್ಮದೇ ಕ. ಇನ್ನೊಂದು ನಾಲಿಗೆಯ ಬುಡದಿಂದ ಹೊರಡುವ ಕ, ಉರ್ದು ಚೆನ್ನಾಗಿ ಬಲ್ಲವರು ‘ಕಲಮ್’ ಅನ್ನುವಾಗ ಕೇಳಿಸುವಂಥದ್ದು. ಇವೆರಡಕ್ಕೂ ಒಂದೊಂದು ಸಿಡಿಯುವ ಜೋಡಿ ಇದೆ. ನಾವು ಖ ಅನ್ನುವಾಗ ಉಸಿರು ಜಾಸ್ತಿ ಬಿಡುತ್ತೇವೆ. ಈ ಸಿಡಿಯುವ ಕ ಅದಕ್ಕೆ ತದ್ವಿರುದ್ಧ. ಗಂಟಲು ಮುಚ್ಚಿ, ಉಸಿರು ತಡೆದು, ಬಾಯೊಳಗಿನ ಗಾಳಿಯನ್ನಷ್ಟೇ ಪಟಕ್ಕನೆ ಬಿಡಬೇಕು. ಕೆಂಪು ಅನ್ನುವಾಗ ಮೊದಲು ನಮ್ಮ ಕ ಬಂದು, ಕೊನೆಗೆ ನಾಲಿಗೆ ಬುಡದ ಕ ಬರುತ್ತದೆ. ಆ ಮೊದಲ ಕ ಸಿಡಿಸಿದರೆ ಅದು ಚಿಗಟ. ಎರಡೂ ತುದಿಯಲ್ಲಿ ನಾಲಿಗೆ ಬುಡದ ಕ ಇಟ್ಟು, ಎರಡನ್ನೂ ಸಿಡಿಸಿದರೆ ಬೆಂಕಿ. ಒಮ್ಮೆ ಬಾಯಲ್ಲಿ ಆಡಿಸಿ ನೋಡಿ, ಗಂಟಲಿಗೇ ತಿಳಿಯುತ್ತದೆ.

ಕಿಚೇಯಲ್ಲಿ ಸೂರ್ಯನಿಗೆ ‘ಕಿಹ್’ ಅನ್ನುತ್ತಾರೆ. ದಿನಕ್ಕೂ ಅದೇ ಪದ, ಕಾಲಕ್ಕೂ ಅದೇ. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಪುಟಗಟ್ಟಲೆ ವಿವರಿಸುತ್ತಾರೆ. ನಮಗೆ ಒಂದು ಪದ ಸಾಕು: ಹೊತ್ತು. ಹೊತ್ತು ಮೂಡಿತು ಅಂದರೆ ಸೂರ್ಯ, ಬಹಳ ಹೊತ್ತಾಯಿತು ಅಂದರೆ ಕಾಲ. ಅವರಲ್ಲಿ 260 ದಿನಗಳ ಒಂದು ಎಣಿಕೆ ಇದೆ. ಆ ಎಣಿಕೆ ಕಾಯುವ ಹಿರಿಯರಿಗೆ ‘ಆಹ್ ಕಿಹ್’, ಅಂದರೆ ಹೊತ್ತಿನವರು, ಅಂತ ಹೆಸರು. ಮೊಮೊಸ್ತೆನಾಂಗೊ ಅನ್ನುವ ಊರಲ್ಲಿ ಅವರು ಇಂದಿಗೂ ದಿನ ಎಣಿಸಿ ಹೇಳುತ್ತಾರೆ.

ಇಪ್ಪತ್ತಕ್ಕೆ ಕಿಚೇಯಲ್ಲಿ ‘ಹುವಿನಕ್’. ಬಿಡಿಸಿದರೆ ‘ಒಬ್ಬ ಮನುಷ್ಯ’. ಕೈಬೆರಳು ಹತ್ತು, ಕಾಲ್ಬೆರಳು ಹತ್ತು, ಅಲ್ಲಿಗೆ ಒಬ್ಬ ಮನುಷ್ಯ ಪೂರ್ತಿಯಾದ. ನಲವತ್ತು ಅಂದರೆ ಇಬ್ಬರು ಮನುಷ್ಯರು. ನನಗೆ ಇದಕ್ಕಿಂತ ಚೆಂದದ ಸಂಖ್ಯೆಯ ಹೆಸರು ಗೊತ್ತಿಲ್ಲ. ಮನೆಯೊಳಗೆ ಅನ್ನಲು ‘ಮನೆಯ ಹೊಟ್ಟೆಯಲ್ಲಿ’ ಅನ್ನುತ್ತಾರೆ, ಹಿಂದೆ ಅನ್ನಲು ‘ಮನೆಯ ಬೆನ್ನಿಗೆ’. ‘ಅದರ ಬೆನ್ನಲ್ಲೇ’ ಅಂತ ದಿನಾ ಹೇಳುವ ನಮಗೆ ಇದು ಹೊಸದೇನಲ್ಲ. ಯುಕತಾನಿನ ಮಾಯಾದಲ್ಲಿ ಎಣಿಸುವಾಗ ಜೀವ ಇರುವುದಕ್ಕೆ ಒಂದು ಬಾಲ, ವಸ್ತುವಿಗೆ ಇನ್ನೊಂದು, ಗಿಡಮರಕ್ಕೆ ಮತ್ತೊಂದು. ಒಬ್ಬ, ಒಂದು ಅಂತ ನಾವು ಮಾಡುವ ಭೇದವನ್ನು ಅವರು ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ಎದುರಾದವರನ್ನು ಕೇಳುವುದು ‘ಬಿಶ್ ಆ ಬೇಲ್?’ ನಿನ್ನ ದಾರಿ ಹೇಗಿದೆ, ಅಂತ.

ಇನ್ನು ಬರಹ. ಸ್ಪೇನಿನವರು ಬರುವ ಎಷ್ಟೋ ಶತಮಾನ ಮೊದಲೇ ಈ ಜನ ಕಲ್ಲಿನ ಮೇಲೆ, ಮಡಿಕೆಯ ಮೇಲೆ, ಮರದ ತೊಗಟೆಯ ಕಾಗದದ ಮೇಲೆ ಬರೆಯುತ್ತಿದ್ದರು. 1562ರಲ್ಲಿ ಮನೀ ಅನ್ನುವ ಊರಲ್ಲಿ ದಿಯೇಗೊ ದೆ ಲಾಂದಾ ಎಂಬ ಪಾದ್ರಿ ಅವರ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟ. ಇಂದು ಜಗತ್ತಿನಲ್ಲಿ ಉಳಿದಿರುವುದು ನಾಲ್ಕೇ ನಾಲ್ಕು. ಇದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಓಲೆಗರಿಗಳ ಕಂತೆಯಲ್ಲಿ ನಮ್ಮ ಹಳೆಯ ಕಾವ್ಯಗಳು ಉಳಿದು ಬಂದದ್ದು ನೆನೆದರೆ ಆ ನಷ್ಟ ಎಷ್ಟು ದೊಡ್ಡದು ಅಂತ ಅರಿವಾಗುತ್ತದೆ.

ಅದೇ ಲಾಂದಾ ಆಮೇಲೆ ಒಬ್ಬ ಮಾಯಾ ಬರಹಗಾರನನ್ನು ಕೂರಿಸಿಕೊಂಡು, ಸ್ಪ್ಯಾನಿಷ್ ಅಕ್ಷರಗಳನ್ನು ಒಂದೊಂದಾಗಿ ಹೇಳಿ, ನಿಮ್ಮಲ್ಲಿ ಇದನ್ನು ಹೇಗೆ ಬರೆಯುತ್ತೀರಿ ಅಂತ ಕೇಳಿದ. ಅವನು ‘ಬೇ’ ಅಂದರೆ ಎದುರಿದ್ದವನು ಬೇ ಅನ್ನುವ ಸದ್ದನ್ನೇ ಬರೆದ. ಪಾದ್ರಿಯ ತಲೆಯಲ್ಲಿ ಇದ್ದದ್ದು ಬಿಡಿ ವ್ಯಂಜನ, ಬರೆಯುವವನ ಕೈಯಲ್ಲಿ ಇದ್ದದ್ದು ಕಾಗುಣಿತ. ಏನಾದರೂ ಒಂದು ವಾಕ್ಯ ಬರೆ ಅಂದಾಗ ಆತ ಬರೆದದ್ದು ‘ಮಾ ಇನ್ ಕಾತಿ’. ಅರ್ಥ: ನನಗೆ ಬೇಡ. ಬಿಡಿ ಬಿಡಿ ಗುಣಿತಾಕ್ಷರಗಳಲ್ಲಿ ಬರೆದ ಆ ‘ಬೇಡ’ ಲಾಂದಾನ ಪುಸ್ತಕದಲ್ಲಿ ಇವತ್ತಿಗೂ ಇದೆ.

ಆ ಪಟ್ಟಿಯನ್ನು ನಾಲ್ಕು ಶತಮಾನ ಯಾರೂ ಸರಿಯಾಗಿ ಬಳಸಲಿಲ್ಲ. 1952ರಲ್ಲಿ ಸೋವಿಯತ್ ದೇಶದ ಯೂರಿ ಕ್ನೊರೊಜೊವ್ ಎಂಬ ವಿದ್ವಾಂಸ ಇದು ಅಕ್ಷರಮಾಲೆಯಲ್ಲ, ಗುಣಿತ ಅಂತ ಹಿಡಿದ. ಉಳಿದ ಪುಸ್ತಕವೊಂದರಲ್ಲಿ ಟರ್ಕಿ ಕೋಳಿಯ ಚಿತ್ರದ ಮೇಲೆ ಎರಡು ಗುರುತು ಇದ್ದವು. ಮೊದಲನೆಯದು ಲಾಂದಾನ ಪಟ್ಟಿಯಲ್ಲಿದ್ದ ಕು. ಯುಕತಾನಿನಲ್ಲಿ ಆ ಕೋಳಿಗೆ ಕುತ್ಸ್ ಅನ್ನುತ್ತಾರೆ. ಹಾಗಾದರೆ ಎರಡನೆಯದು ತ್ಸು ಇರಬೇಕು. ನಾಯಿಯ ಚಿತ್ರದ ಮೇಲೆ ನೋಡಿದರೆ ಅದೇ ತ್ಸು ಮೊದಲು, ಆಮೇಲೆ ಲು. ನಾಯಿಗೆ ಹಳೆಯ ಪದ ತ್ಸುಲ್! ಕೊನೆಯ ಸ್ವರವನ್ನು ಬರೆಯುತ್ತಿದ್ದರು, ಓದುವಾಗ ಬಿಡುತ್ತಿದ್ದರು. ಬಸ್ಸು, ಕಾರು ಅಂತ ಕೊನೆಗೆ ಉ ಸೇರಿಸುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಆದರೆ ಒಂದು ಮಾತು ಗಮನಿಸಿ. ಕುತ್ಸ್ ಅನ್ನುವ ಪದವನ್ನು ಜನ ಬಾಯಲ್ಲಿ ಉಳಿಸಿಕೊಂಡಿರದಿದ್ದರೆ ಆ ಗುರುತುಗಳು ಬಾಯಿ ಬಿಡುತ್ತಲೇ ಇರಲಿಲ್ಲ.

ಆ ಜನ ಪಟ್ಟ ಪಾಡು ಮಾತ್ರ ಸಣ್ಣದಲ್ಲ. ಗ್ವಾಟೆಮಾಲದ ಅಂತರ್ಯುದ್ಧ 1960ರಿಂದ 1996ರವರೆಗೆ, 36 ವರ್ಷ ನಡೆಯಿತು. ವಿಶ್ವಸಂಸ್ಥೆಯ ನೆರವಿನಿಂದ ನಡೆದ ಸತ್ಯಶೋಧನೆಯ ವರದಿ 1999ರಲ್ಲಿ ಬಂತು. ಸತ್ತವರು, ಕಾಣೆಯಾದವರು 2 ಲಕ್ಷಕ್ಕೂ ಜಾಸ್ತಿ ಅಂದಿತು. ಗುರುತು ಸಿಕ್ಕವರಲ್ಲಿ 100ಕ್ಕೆ 83 ಮಂದಿ ಮಾಯಾ. ತಾವು ನೇಯ್ದ ಉಡುಪು ತೊಟ್ಟರೆ, ತಮ್ಮ ಮಾತಾಡಿದರೆ ಗುರುತು ಸಿಗುತ್ತದೆ ಅಂತ ಎಷ್ಟೋ ಮಂದಿ ಎರಡನ್ನೂ ಬಚ್ಚಿಟ್ಟರು. ಕಿಚೇ ಹೆಣ್ಣುಮಗಳು ರಿಗೊಬೆರ್ತಾ ಮೆಂಚೂ ಈ ಕಥೆಯನ್ನು ಹೊರಗೆ ಹೇಳಿದರು. 1992ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಬೆರಗಿನ ಸಂಗತಿ ಅಂದರೆ ಆ ಯುದ್ಧದ ನಡುವೆಯೇ ಮಾಯಾ ಜನ ಕೂತು ಅಕ್ಷರಗಳ ಬಗ್ಗೆ ಚರ್ಚಿಸಿದರು. ಅಲ್ಲಿಯವರೆಗೆ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಸ್ಪ್ಯಾನಿಷ್ ರೂಢಿಯಲ್ಲಿ ಬರೆದರೆ ಕೆಂಪು, ಚಿಗಟ, ಬೆಂಕಿ ಒಂದಕ್ಕೊಂದು ಬೆರೆತು ಹೋಗುತ್ತಿದ್ದವು. 1987ರಲ್ಲಿ ಗ್ವಾಟೆಮಾಲದ ಎಲ್ಲ ಮಾಯನ್ ಭಾಷೆಗಳಿಗೂ ಹೊಂದುವ ಒಂದೇ ಅಕ್ಷರಮಾಲೆಗೆ ಸರ್ಕಾರದ ಒಪ್ಪಿಗೆ ಸಿಕ್ಕಿತು. ನಾಲ್ಕು ಕ-ಗಳಿಗೂ ಅದರಲ್ಲಿ ಬೇರೆ ಬೇರೆ ಜಾಗ. 1990ರಲ್ಲಿ ಗ್ವಾಟೆಮಾಲದ ಮಾಯನ್ ಭಾಷೆಗಳ ಅಕಾಡೆಮಿಗೆ ಕಾನೂನಿನ ಬಲ ಬಂತು. 2003ರಲ್ಲಿ ಗ್ವಾಟೆಮಾಲ, ಮೆಕ್ಸಿಕೊ ಎರಡೂ ಈ ನುಡಿಗಳ ಹಕ್ಕಿಗೆ ಕಾನೂನು ಮಾಡಿದವು.

ಕಾನೂನು ಬಂದ ಮೇಲೂ ಜಗಳ ಮುಗಿದಿಲ್ಲ. 2006ರಲ್ಲಿ ಸುಂಪಾಂಗೊ ಊರಿನ ಕಾಕ್ಚಿಕೆಲರ ರೇಡಿಯೊ ಇಶ್ಚೆಲ್ ಮೇಲೆ, ಪರವಾನಗಿ ಇಲ್ಲ ಅಂತ, ಪೊಲೀಸರು ದಾಳಿ ಮಾಡಿದರು. ಊರಿನವರು ಅಮೆರಿಕ ಖಂಡದ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. 2021ರಲ್ಲಿ ತೀರ್ಪು ಅವರ ಪರವಾಗಿ ಬಂತು. ಇನ್ನೊಂದು ಕಡೆ ಬಡತನ ಜನರನ್ನು ಊರು ಬಿಡಿಸುತ್ತಿದೆ. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಮಾಮ್ ಮಾತಾಡುವ ದೊಡ್ಡ ಸಮುದಾಯವೇ ಇದೆ. ಅಮೆರಿಕದ ವಲಸೆ ನ್ಯಾಯಾಲಯಗಳಲ್ಲಿ ಮಾಮ್, ಕಿಚೇ ಬಲ್ಲ ದುಭಾಷಿಗಳು ಬೇಕಾಗುತ್ತಾರೆ. ಗ್ವಾಟೆಮಾಲದವರೆಲ್ಲ ಸ್ಪ್ಯಾನಿಷ್ ಬಲ್ಲರು ಅಂದುಕೊಂಡರೆ ಒಬ್ಬರ ಬದುಕೇ ತಪ್ಪಾಗಿ ಅನುವಾದವಾಗುತ್ತದೆ. ಗ್ವಾಟೆಮಾಲದ ಬಡಗಣದ ಪೆತೆನ್ ಕಾಡಿನಂಚಿನ ಇತ್ಸಾ ಭಾಷೆಯನ್ನಂತೂ ಬೆರಳೆಣಿಕೆಯ ಹಿರಿಯರಷ್ಟೇ ಆಡುತ್ತಾರೆ.

ಅದೇ ಹೊತ್ತಿಗೆ ಹಳೆಯ ಲಿಪಿ ಮನೆಗೆ ಮರಳುತ್ತಿದೆ. 1980ರ ದಶಕದ ಕೊನೆಯಿಂದ ಲಿಂಡಾ ಶೀಲಿಯಂಥ ವಿದ್ವಾಂಸರು ಮಾಯಾ ಶಿಕ್ಷಕರಿಗೇ ಅದನ್ನು ಕಲಿಸಿದರು. ಈಗ ಕಲಿಸುವವರೂ ಆ ಶಿಕ್ಷಕರೇ. ಹುಡುಗ ಹುಡುಗಿಯರು ತಮ್ಮ ಹೆಸರನ್ನು ಗುಣಿತದಲ್ಲಿ ಕೂಡಿಸಿ ಬರೆಯುತ್ತಾರೆ. ಕೆಲವು ಊರುಗಳಲ್ಲಿ ಹೊಸದಾಗಿ ಶಾಸನದ ಕಲ್ಲುಗಳನ್ನೂ ನಿಲ್ಲಿಸಿದ್ದಾರೆ, ಹಳೆಯ ಎಣಿಕೆಯ ತಾರೀಖು ಕೆತ್ತಿ. ಇದು 260 ದಿನದ್ದಲ್ಲ, ಸಾವಿರಾರು ವರ್ಷಗಳ ದಿನಗಳನ್ನು ಸಾಲಾಗಿ ಎಣಿಸುತ್ತ ಹೋಗುವ ಇನ್ನೊಂದು ಎಣಿಕೆ. ನಮ್ಮ ಟಿವಿಗಳು ಪ್ರಳಯ ಅಂದ 2012ರ ಡಿಸೆಂಬರ್ 21 ಆ ಎಣಿಕೆಯಲ್ಲಿ 13.0.0.0.0. ಮಾರನೆಯ ದಿನ 13.0.0.0.1.