ಅಪ್‌ಗ್ರೇಡ್ ಆದಮೇಲೆ ವೈಫೈ ಯಾಕೆ ಮಾಯವಾಗುತ್ತದೆ?

ಅಪ್‌ಗ್ರೇಡ್ ಮುಗಿಯಿತು, ಲ್ಯಾಪ್‌ಟಾಪ್ ಮತ್ತೆ ಶುರುವಾಯಿತು, ಫೈಲುಗಳೆಲ್ಲ ಇದ್ದ ಜಾಗದಲ್ಲೇ ಇವೆ, ಆದರೆ ವೈಫೈ ಇಲ್ಲ. ಕೆಲವೊಮ್ಮೆ ಮೂಲೆಯಲ್ಲಿದ್ದ ಐಕಾನೇ ಕಾಣುವುದಿಲ್ಲ. ಆಗ ಯಾರನ್ನೇ ಕೇಳಿ, ಮೊದಲು ಬರುವ ಸಲಹೆ ಒಂದೇ: ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಬಿಡಿ. ದಯವಿಟ್ಟು ಹಾಗೆ ಮಾಡಬೇಡಿ. ನಿನ್ನೆವರೆಗೂ ನಡೆಯುತ್ತಿದ್ದ ವೈಫೈ ಕಾರ್ಡ್ ಅಪ್‌ಗ್ರೇಡ್ ಆದ ದಿನವೇ ಕೆಡುವುದು ತೀರಾ ಅಪರೂಪ. ಕಾರ್ಡ್ ಸರಿಯಾಗಿಯೇ ಇದೆ, ಅದನ್ನು ಮಾತಾಡಿಸುವ ಸಾಫ್ಟ್‌ವೇರ್ ಮಾತ್ರ ಕೈಕೊಟ್ಟಿದೆ.

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಒಪ್ಪದ ಎಷ್ಟೋ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಈಗ ವಿಂಡೋಸ್ ಬದಲಿಗೆ ಉಬುಂಟು ಅಥವಾ ಮಿಂಟ್ ಅನ್ನುವ ಲಿನಕ್ಸ್ ಹಾಕುತ್ತಿದ್ದಾರೆ. ಈ ತೊಂದರೆ ಜಾಸ್ತಿ ಕಾಡುವುದು ಇಂಥ ಹಳೆಯ ಯಂತ್ರಗಳಲ್ಲೇ. ಹಾಗಾಗಿ ಲಿನಕ್ಸ್ ಕಡೆಯ ಕಥೆಯನ್ನೇ ಸ್ವಲ್ಪ ಬಿಡಿಸಿ ನೋಡೋಣ.

ವೈಫೈ ಕೆಲಸ ಮಾಡಬೇಕಾದರೆ ನಾಲ್ಕು ಪದರ ಸರಿಯಿರಬೇಕು. ಕೆಳಗೆ ಕಾರ್ಡ್. ಆ ಕಾರ್ಡಿನೊಳಗಿನ ಪುಟ್ಟ ಪ್ರೊಸೆಸರ್ ಓಡಿಸುವ ಪ್ರೋಗ್ರಾಮೇ ಫರ್ಮ್‌ವೇರ್. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೂ ಕಾರ್ಡಿಗೂ ನಡುವೆ ನಿಂತು ಮಾತುಕತೆ ನಡೆಸುವುದು ಡ್ರೈವರ್. ಎಲ್ಲಕ್ಕಿಂತ ಮೇಲೆ, ಪಾಸ್‌ವರ್ಡ್ ನೆನಪಿಟ್ಟುಕೊಂಡು ರೂಟರ್‌ಗೆ ಸೇರಿಸುವ ನೆಟ್‌ವರ್ಕ್ ಮ್ಯಾನೇಜರ್. ಅಪ್‌ಗ್ರೇಡ್ ಎಂದರೆ ಕಾರ್ಡ್ ಒಂದನ್ನು ಬಿಟ್ಟು ಮಿಕ್ಕ ಮೂರೂ ಒಂದೇ ಸಲ ಬದಲಾಗುವುದು. ಮೂರರಲ್ಲಿ ಯಾವುದು ಎಡವಿತು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಜಾಸ್ತಿ ಎಡವುವುದು ಡ್ರೈವರ್. ಅದಕ್ಕೊಂದು ಕಾರಣವಿದೆ. ಲಿನಕ್ಸ್ ಕರ್ನಲ್‌ನ ಒಳಗಿನ ಫಂಕ್ಷನ್‌ಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಲೇ ಇರುತ್ತವೆ. ಅವುಗಳನ್ನು ಹೀಗೇ ಇಡುತ್ತೇವೆ ಅಂತ ಕರ್ನಲ್ ಬರೆಯುವವರು ಯಾರಿಗೂ ಮಾತು ಕೊಟ್ಟಿಲ್ಲ, ಬೇಕಂತಲೇ ಕೊಟ್ಟಿಲ್ಲ. ಡ್ರೈವರ್‌ನ ಸೋರ್ಸ್ ಕೋಡ್ ಕರ್ನಲ್ ಜೊತೆಗೇ ಇದ್ದರೆ, ಫಂಕ್ಷನ್ ಬದಲಾಯಿಸಿದವರೇ ಆ ಡ್ರೈವರನ್ನೂ ತಿದ್ದುತ್ತಾರೆ, ನಮಗೆ ಗೊತ್ತೇ ಆಗುವುದಿಲ್ಲ. ಹೊರಗಿದ್ದರೆ ಅದನ್ನು ತಿದ್ದುವ ಜವಾಬ್ದಾರಿ ಯಾರದ್ದೂ ಅಲ್ಲ.

ಒಂದು ಉದಾಹರಣೆ ನೋಡಿ. ಹತ್ತು ಹನ್ನೆರಡು ವರ್ಷ ಹಿಂದಿನ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಬ್ರಾಡ್‌ಕಾಮ್‌ನ ಬಿಸಿಎಂ43142 ಅನ್ನುವ ಚಿಪ್ ಹೇರಳವಾಗಿತ್ತು. 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುವ ಸಾಧಾರಣ ಚಿಪ್. ಬ್ರಾಡ್‌ಕಾಮ್ 2010ರಲ್ಲಿ ತನ್ನ ಕೆಲವು ಚಿಪ್‌ಗಳ ಡ್ರೈವರನ್ನು ಮುಕ್ತವಾಗಿ ಬಿಡುಗಡೆ ಮಾಡಿತು, ಅದು ಕರ್ನಲ್ ಒಳಗೂ ಸೇರಿತು. ಈ 43142ಕ್ಕೆ ಮಾತ್ರ ಆ ಭಾಗ್ಯ ಸಿಗಲಿಲ್ಲ. ಇದು ನಡೆಯುವುದು ‘ಡಬ್ಲ್ಯುಎಲ್’ ಅನ್ನುವ ಮುಚ್ಚಿದ ಡ್ರೈವರ್‌ನಿಂದ. ಅದರ ಮುಖ್ಯ ಭಾಗ ಯಾರೂ ಓದಲಾಗದ ಬೈನರಿ, ಸುತ್ತಲಿನ ತೆಳು ಭಾಗವನ್ನಷ್ಟೇ ಪ್ರತಿ ಹೊಸ ಕರ್ನಲ್‌ಗೂ ನಮ್ಮ ಯಂತ್ರದಲ್ಲೇ ಮತ್ತೆ ಕಂಪೈಲ್ ಮಾಡಬೇಕು, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತರಬೇಕು. ಉಬುಂಟುವಿನಲ್ಲಿ ಆ ಕೆಲಸ ಮಾಡುವುದು ಡಿಕೆಎಂಎಸ್ ಅನ್ನುವ ಸಲಕರಣೆ. ಅದಕ್ಕೆ ಹೊಸ ಕರ್ನಲ್‌ನ ಹೆಡರ್ ಫೈಲುಗಳು, ಅಂದರೆ ಅದರ ಫಂಕ್ಷನ್‌ಗಳ ವಿವರವಿರುವ ಫೈಲುಗಳು ಬೇಕು. ಅವು ಇಲ್ಲದಿದ್ದರೆ, ಅಥವಾ ಕರ್ನಲ್ ತೀರಾ ಹೊಸದಾಗಿ ಆ ತೆಳು ಭಾಗ ಹೊಂದದೇ ಹೋದರೆ, ಕಂಪೈಲ್ ಆಗುವುದಿಲ್ಲ. ಅಪ್‌ಗ್ರೇಡ್‌ನ ಸಾವಿರಾರು ಸಾಲುಗಳ ನಡುವೆ ಆ ಎಚ್ಚರಿಕೆ ಬಂದು ಹೋಗಿರುತ್ತದೆ, ಯಾರೂ ನೋಡಿರುವುದಿಲ್ಲ.

ಈಗ ಟರ್ಮಿನಲ್ ತೆರೆದು ಯಂತ್ರದೊಳಗಿನ ಕಾರ್ಡ್‌ಗಳ ಪಟ್ಟಿ ಕೊಡುವ ‘ಎಲ್‌ಎಸ್‌ಪಿಸಿಐ’ ಆಜ್ಞೆಗೆ ‘ಎನ್‌ಎನ್‌ಕೆ’ ಆಯ್ಕೆ ಸೇರಿಸಿ (lspci -nnk) ಕೊಡಿ. ಪಟ್ಟಿಯಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಅನ್ನುವ ಸಾಲು ಹುಡುಕಿ. ಅದು ಇದೆ ಅಂದರೆ ಕಾರ್ಡ್ ಜೀವಂತವಾಗಿದೆ, ಮೊದಲು ಅಷ್ಟು ಸಮಾಧಾನ ಮಾಡಿಕೊಳ್ಳಿ. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಅನ್ನುವ ಸಾಲು ಇಲ್ಲದಿದ್ದರೆ ಡ್ರೈವರ್ ಕೂತಿಲ್ಲ. ಈ ಚಿಪ್‌ನಲ್ಲಿ ಕೆಲವೊಮ್ಮೆ ಆ ಜಾಗದಲ್ಲಿ ‘ಬಿಸಿಎಂಎ-ಪಿಸಿಐ-ಬ್ರಿಡ್ಜ್’ ಅಂತ ಇರುತ್ತದೆ. ನೋಡಿದರೆ ಡ್ರೈವರ್ ಇದೆ ಅನಿಸುತ್ತದೆ, ಅಲ್ವಾ? ಅದು ಬರೀ ಚಿಪ್ಪನ್ನು ಗುರುತಿಸುವ ಬಾಗಿಲು. ವೈಫೈ ನಡೆಸುವ ಶಕ್ತಿ ಅದಕ್ಕಿಲ್ಲ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ, ಯಾಕೆಂದರೆ ಅದಕ್ಕೆ ಏನನ್ನೂ ಮುಟ್ಟಬೇಕಿಲ್ಲ. ಶುರುವಾಗುವಾಗ ಯಾವುದನ್ನು ಓಡಿಸಬೇಕು ಅಂತ ಕೇಳುವ ಗ್ರಬ್ ಮೆನುವಿನ ‘ಅಡ್ವಾನ್ಸ್‌ಡ್ ಆಪ್ಷನ್ಸ್’ಗೆ ಹೋಗಿ ಹಳೆಯ ಕರ್ನಲ್ ಆರಿಸಿ. ಅಪ್‌ಗ್ರೇಡ್ ಆದಮೇಲೂ ಅದು ಸಾಮಾನ್ಯವಾಗಿ ಉಳಿದಿರುತ್ತದೆ. ಅದರಲ್ಲಿ ವೈಫೈ ಬಂದರೆ ತೊಂದರೆ ಹೊಸ ಕರ್ನಲ್ ಮತ್ತು ಡ್ರೈವರ್ ನಡುವಿನದ್ದೇ. ದುರಸ್ತಿಗೆ ಬೇಕಾದ ಇಂಟರ್ನೆಟ್ಟೂ ಸಿಕ್ಕಿತು. ಬರದಿದ್ದರೂ ಚಿಂತೆಯಿಲ್ಲ, ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲ್ಯಾಪ್‌ಟಾಪ್ ಅದನ್ನು ತಂತಿಯ ನೆಟ್‌ವರ್ಕ್ ಅಂದುಕೊಳ್ಳುತ್ತದೆ, ವೈಫೈ ಡ್ರೈವರ್ ಬೇಕಿಲ್ಲ. ಆಮೇಲೆ ಹೆಡರ್‌ಗಳನ್ನು ಹಾಕಿ, ‘ಅಡಿಷನಲ್ ಡ್ರೈವರ್ಸ್’ನಲ್ಲಿ ಬ್ರಾಡ್‌ಕಾಮ್ ಡ್ರೈವರನ್ನು ಮತ್ತೆ ಆರಿಸಿ.

ಇಲ್ಲಿ ಬಹಳ ಜನ ಸಿಕ್ಕಿಬೀಳುವ ಜಾಗ ಸೆಕ್ಯೂರ್ ಬೂಟ್ ಅನ್ನುವ ಲ್ಯಾಪ್‌ಟಾಪಿನ ಕಾವಲು ವ್ಯವಸ್ಥೆ. ಅದು ಆನ್ ಇದ್ದರೆ ನಂಬಿಕೆಯ ಡಿಜಿಟಲ್ ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ನಿಮ್ಮ ಯಂತ್ರದಲ್ಲಿ ಕಂಪೈಲ್ ಆದ ಡ್ರೈವರ್‌ನ ಸಹಿಯನ್ನು ಒಪ್ಪಿಸಲು ಉಬುಂಟು ನಿಮ್ಮಿಂದ ಒಂದು ಪಾಸ್‌ವರ್ಡ್ ಕೇಳಿ, ರೀಸ್ಟಾರ್ಟ್ ಆದಾಗ ನೀಲಿ ಪರದೆ ತೋರಿಸಿ, 10 ಸೆಕೆಂಡ್ ಕಾಯುತ್ತದೆ. ಅಷ್ಟರೊಳಗೆ ಯಾವುದಾದರೂ ಕೀ ಒತ್ತಿ, ‘ಎನ್‌ರೋಲ್ ಎಂಒಕೆ’ ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಸುಮ್ನೆ ನೋಡುತ್ತಾ ಕೂತರೆ ಯಂತ್ರ ಮುಂದೆ ಹೋಗುತ್ತದೆ, ಡ್ರೈವರ್ ಹೊರಗೇ ಉಳಿಯುತ್ತದೆ, ಎಷ್ಟು ಸಲ ಮತ್ತೆ ಇನ್‌ಸ್ಟಾಲ್ ಮಾಡಿದರೂ ಪ್ರಯೋಜನವಿಲ್ಲ.

ಇಂಟೆಲ್ ಕಾರ್ಡ್ ಇದ್ದವರಿಗೆ ಈ ಕಾಟ ಕಡಿಮೆ, ಅದರ ಡ್ರೈವರ್ ಕರ್ನಲ್ ಒಳಗೇ ಇದೆ. ಅಲ್ಲಿ ಫರ್ಮ್‌ವೇರ್ ನೋಡಬೇಕು. ಕರ್ನಲ್‌ನ ಸಂದೇಶಗಳನ್ನು ತೋರಿಸುವ ‘ಡಿಎಂಇಎಸ್‌ಜಿ’ (dmesg) ಆಜ್ಞೆ ಕೊಟ್ಟಾಗ ಫರ್ಮ್‌ವೇರ್ ಲೋಡ್ ಆಗಲಿಲ್ಲ, ಎರರ್ -2 ಅಂತ ಸಾಲು ಬರುವುದುಂಟು. ಫೈಲ್ ಸಿಗಲಿಲ್ಲ ಅನ್ನುವುದಷ್ಟೇ ಅದರ ಅರ್ಥ. ಗಾಬರಿಯಾಗುವ ಮೊದಲು ಕೆಳಗೆ ಓದಿ. ಡ್ರೈವರ್ ತನಗೆ ಗೊತ್ತಿರುವ ತೀರಾ ಹೊಸ ಆವೃತ್ತಿಯಿಂದ ಶುರುಮಾಡಿ ಒಂದೊಂದೇ ಹಳೆಯದನ್ನು ಹುಡುಕುತ್ತಾ ಇಳಿಯುತ್ತದೆ. ಕೊನೆಗೆ ‘ಲೋಡೆಡ್ ಫರ್ಮ್‌ವೇರ್ ವರ್ಷನ್’ ಅಂತ ಬಂದಿದ್ದರೆ ಆ ಎರರ್‌ಗಳು ಲೆಕ್ಕಕ್ಕಿಲ್ಲ. ಯಾವುದೂ ಸಿಗದಿದ್ದರೆ ಮಾತ್ರ ‘ಲಿನಕ್ಸ್-ಫರ್ಮ್‌ವೇರ್’ ಪ್ಯಾಕೇಜನ್ನು ಹೊಸದು ಮಾಡಿ.

ಡ್ರೈವರ್, ಫರ್ಮ್‌ವೇರ್ ಎರಡೂ ಸರಿಯಿದ್ದು ಮನೆಯ ನೆಟ್‌ವರ್ಕ್ ಒಂದೇ ಕಾಣದಿದ್ದರೆ ಚಾನೆಲ್ ನೋಡಿ. 2.4 ಗಿಗಾಹರ್ಟ್ಸ್‌ನಲ್ಲಿ ಭಾರತದಲ್ಲಿ 13ನೇ ಚಾನೆಲ್‌ವರೆಗೂ ಬಳಸಬಹುದು, ಅಮೆರಿಕದ ಸಾಧನಗಳು 11ಕ್ಕೇ ನಿಲ್ಲುತ್ತವೆ. ದೇಶದ ಸೆಟ್ಟಿಂಗ್ ಅಮೆರಿಕ ಅಂತ ಆಗಿ, ರೂಟರ್ 13ರಲ್ಲಿದ್ದರೆ, ಲ್ಯಾಪ್‌ಟಾಪಿನ ಪಾಲಿಗೆ ಆ ರೂಟರ್ ಇಲ್ಲವೇ ಇಲ್ಲ. ರೂಟರನ್ನು 1, 6 ಅಥವಾ 11ಕ್ಕೆ ತಂದರೆ ಸಾಕು.

ಕಾಲೇಜು, ಆಫೀಸಿನ ವೈಫೈಗೆ ಯೂಸರ್‌ನೇಮ್ ಕೊಟ್ಟು ಸೇರುವವರ ಕಥೆಯೇ ಬೇರೆ. 2022ರ ಉಬುಂಟು 22.04ರಲ್ಲಿ ಸುರಕ್ಷಿತ ಸಂಪರ್ಕ ನೋಡಿಕೊಳ್ಳುವ ಓಪನ್‌ಎಸ್‌ಎಸ್‌ಎಲ್ 3 ಬಂತು, ಅದು ಅಸುರಕ್ಷಿತವಾದ ಕೆಲವು ಹಳೆಯ ಪದ್ಧತಿಗಳನ್ನು ಒಪ್ಪುವುದಿಲ್ಲ. ಮನೆಯ ವೈಫೈ ಸಲೀಸಾಗಿ ಸಿಕ್ಕಿ ಕಾಲೇಜಿನದ್ದು ಮಾತ್ರ ಪಾಸ್‌ವರ್ಡ್ ಪದೇ ಪದೇ ಕೇಳಿದರೆ, ಅಲ್ಲಿನ ಸರ್ವರ್ ಹಳೆಯದಿರಬಹುದು ಅಂತ ಅನುಮಾನಿಸಿ. ನಿಜವಾದ ದುರಸ್ತಿ ಆಗಬೇಕಾದ್ದು ಆ ಸರ್ವರ್‌ನಲ್ಲಿ, ಅದನ್ನು ನೋಡಿಕೊಳ್ಳುವವರಿಗೆ ಹೇಳಿ.

ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್‌ಗೆ ಹೋಗಿ ‘ರೋಲ್ ಬ್ಯಾಕ್ ಡ್ರೈವರ್’ ಪ್ರಯತ್ನಿಸಿ, ಆಗದಿದ್ದರೆ ಲ್ಯಾಪ್‌ಟಾಪ್ ತಯಾರಕರ ತಾಣದಿಂದಲೇ ಡ್ರೈವರ್ ತನ್ನಿ. ‘ನೆಟ್‌ವರ್ಕ್ ರಿಸೆಟ್’ ಕೊನೆಗಿರಲಿ, ಅದು ಉಳಿಸಿದ ವೈಫೈ ಪಾಸ್‌ವರ್ಡ್‌ಗಳನ್ನೆಲ್ಲ ಅಳಿಸುತ್ತದೆ.

ಹಳೆಯ ಬ್ರಾಡ್‌ಕಾಮ್ ಪ್ರತಿ ಅಪ್‌ಗ್ರೇಡ್‌ಗೂ ಕಾಡುತ್ತಿದ್ದರೆ ಒಂದು ಯುಎಸ್‌ಬಿ ಅಡಾಪ್ಟರ್ ಕೊಳ್ಳುವುದೇ ಮೇಲು. ಆದರೆ ಡಬ್ಬಿಯ ಮೇಲಿನ ಬ್ರಾಂಡ್ ನೋಡಬೇಡಿ, ಒಳಗಿನ ಚಿಪ್ ಯಾವುದು ಅಂತ ಕೇಳಿ. ಮೀಡಿಯಾಟೆಕ್‌ನ ಎಂಟಿ7612ಯು ಚಿಪ್‌ನ ಡ್ರೈವರ್ 2018ರಿಂದ ಕರ್ನಲ್ ಒಳಗೇ ಇದೆ. ಅಂಗಡಿಗಳಲ್ಲಿ ಹೆಚ್ಚು ಸಿಗುವ ರಿಯಲ್‌ಟೆಕ್ ಆರ್‌ಟಿಎಲ್8812ಎಯು ಒಳಗೆ ಬಂದದ್ದು 2025ರಲ್ಲಿ, ಅದಕ್ಕಿಂತ ಹಳೆಯ ಕರ್ನಲ್‌ನಲ್ಲಿ ಅದಕ್ಕೂ ಇದೇ ಡಿಕೆಎಂಎಸ್ ಪಾಡು.